ಹಂಸದ ಹಣೆ

ಅಚ್ಚಿನ ಎಡಗಡೆಯ ಹೋಳು ಮರದ ಬೆಣೆಯ ಎರಡೇ ಏಟಿಗೆ ಬಿಟ್ಟುಕೊಂಡು ಕೈಗೆ ಬಂದಾಗ ವಿಜಯೇಂದ್ರನಿಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಅದು ಬಂದೇ ಬರುತ್ತದೆಂದು ಅವನಿಗೆ ಗೊತ್ತಿತ್ತು. ಬಾರದೆ ಉಳಿಯುವುದು ಬಲಗಡೆಯದು ಎಂದೂ ಗೊತ್ತಿತ್ತು. ಮೂರು ದಿನದಿಂದ ಗೊತ್ತಿತ್ತು, ಊಟಕ್ಕೆ ಕೂತಾಗ, ಬಚ್ಚಲಲ್ಲಿ ತಲೆಯ ಮೇಲೆ ನೀರು ಹುಯ್ದುಕೊಳ್ಳುವಾಗ, ಹೆಂಡತಿ ಇಂದಿರ ಏನೋ ಕೇಳಿ ಅವನು ಇನ್ನೇನೋ ಉತ್ತರ ಕೊಡುವಾಗ. ಗೊತ್ತಿದ್ದೂ ಗೊತ್ತಿಲ್ಲದವನಂತೆ ಇರುವ ವಿದ್ಯೆಯಲ್ಲಿ ಅವನಷ್ಟು ಪಳಗಿದವರು ಶ್ರೀರಂಗಪಟ್ಟಣದಲ್ಲಿ ಕಡಿಮೆ. ಎಡ ಹೋಳನ್ನು ಗೋಡೆಗೆ ಒರಗಿಸಿ ಬೆಣೆಯನ್ನು ಬಲ ಹೋಳಿನ ಅಂಚಿಗಿಟ್ಟು ತಟ್ಟಿದ. ಬಾಲದ ಕಡೆ ಸಡಿಲವಾಯಿತು, ರೆಕ್ಕೆಯ ಕಡೆ ಚಟಚಟ ಸದ್ದು ಮಾಡಿ ಗಾಳಿ ಬಿಟ್ಟುಕೊಂಡಿತು, ಕತ್ತಿನವರೆಗೆ ಎಲ್ಲ ಸರಾಗ. ತಲೆಯ ಹತ್ತಿರ ಬಂದದ್ದೇ ತಡ, ಒಳಗಿದ್ದ ಮರದ ಹಂಸವೇ ಮೇಜಿನ ಮೇಲೆ ಕೊಂಚ ವಾಲಿತು. ಎಳೆದರೆ ಅಚ್ಚಿನ ಜೊತೆಗೆ ತಲೆಯೂ ಬರುವಂತಿತ್ತು. ಅವನು ಬೆಣೆ ಕೆಳಗಿಟ್ಟು ಕೈ ಒರೆಸಿಕೊಂಡ. ಶೆಡ್ಡಿನ ಬಾಗಿಲ ಬಳಿ ಗೋಣಿಚೀಲದ ಮೇಲೆ ಕೂತಿದ್ದ ಮಂಚಯ್ಯ ಎದ್ದು ನಿಂತ.

“ಐನೋರೇ, ಯಾಕ್ ನಿಲ್ಸ್‌ಬುಟ್ರಿ?”

“ಕಾಫಿ ಕುಡಿದು ಬರೋಣ ಅಂತ.”

“ಈಗ್ ತಾನೆ ಕುಡುದ್ರಲ್ಲ.”

ಹೌದು, ಈಗ ತಾನೆ ಕುಡಿದಿದ್ದ. ವಿಜಯೇಂದ್ರ ಹೊರಗೆ ಹೋಗಿ, ಹೆದ್ದಾರಿಯಲ್ಲಿ ಮೈಸೂರಿನ ಕಡೆಗೆ ಓಡುವ ಬಸ್ಸುಗಳನ್ನು ಸುಮ್ಮನೆ ನೋಡುತ್ತ ನಿಂತ. ಆ ಬಸ್ಸುಗಳಲ್ಲಿ ಎರಡು ಮೂರರ ಮುಂದಿನ ಮೂತಿ ಅವನ ಕೈಯಲ್ಲೇ ಆದದ್ದು. ಹತ್ತು ವರ್ಷದಿಂದ ಫೈಬರ್ ಕೆಲಸ. ಬಸ್ಸಿನ ಮೂತಿ, ನೀರಿನ ತೊಟ್ಟಿ, ಬಸ್ ಸ್ಟ್ಯಾಂಡಿನ ಕುರ್ಚಿ. ಗಾಜಿನ ನೂಲು ಚರ್ಮದೊಳಗೆ ಹೊಕ್ಕು ಮೈಯೆಲ್ಲ ನವೆ, ಎಷ್ಟು ಮಿಂದರೂ ಬಿಡದ ರೆಸಿನ್ ಅಂಟಿನ ವಾಸನೆ. ಇಂದಿರ ಅವನ ಬಟ್ಟೆಯನ್ನು ಬೇರೆ ಬಕೀಟಿನಲ್ಲಿ ನೆನೆಹಾಕುತ್ತಾಳೆ. ಕಳೆದ ವರ್ಷ ಅಪ್ಪನ ತಿಥಿಗೆ ಊರಿಗೆ ಹೋದಾಗ ಅತ್ತಿಗೆ ಅವನ ಎಲೆಯನ್ನು ಸಾಲಿನ ಕೊನೆಗೆ, ಕಿಟಕಿಯ ಪಕ್ಕಕ್ಕೆ ಹಾಕಿದ್ದರು. ಗಾಳಿ ಬರುತ್ತೆ ಕೂತ್ಕೊಳ್ಳಿ ಎಂದಿದ್ದರು. ಗಾಳಿ ಯಾರಿಗೆ ಬೇಕಾಗಿತ್ತು ಎಂದು ಅವನಿಗೂ ತಿಳಿಯಿತು, ಪಂಕ್ತಿಯಲ್ಲಿ ಕೂತ ಎಲ್ಲರಿಗೂ ತಿಳಿಯಿತು. ಪಾಯಸ ಮಾತ್ರ ಚೆನ್ನಾಗಿತ್ತು.

ಊರೆಂದರೆ ಹುಣಸೇಕಟ್ಟೆ, ಪಾಂಡವಪುರದಿಂದಾಚೆ. ಅಲ್ಲಿಯ ಈಶ್ವರನ ಗುಡಿಯಲ್ಲಿ ಅಪ್ಪ ಶ್ರೀಕಂಠಯ್ಯನವರು ಪೂಜೆಗಿದ್ದರು, ಈಗ ಅಣ್ಣ ಇದ್ದಾನೆ. ನವರಾತ್ರಿಯ ಮೂರನೆಯ ದಿನ ಅಮ್ಮನವರು ಹಂಸವೇರಿ ಬೀದಿಗೆ ಬರುವುದು ಪದ್ಧತಿ. ಈ ಹಂಸ ಹಲಸಿನ ಮರದ್ದು, ಹೊರಲು ಎಂಟು ಆಳು ಬೇಕು. ಈಗಿನ ಹುಡುಗರು ಸಕ್ಕರೆ ಕಾರ್ಖಾನೆಯ ಪಾಳಿಗೆ ಹೋಗುತ್ತಾರೆ, ಹಾಲಿನ ಡೇರಿಗೆ ಹೋಗುತ್ತಾರೆ. ಹೆಗಲು ಕೊಡಲು ನಾಲ್ಕು ಜನ ಸಿಕ್ಕರೆ ಹೆಚ್ಚು. ನಾಲ್ಕೇ ಜನ ಎತ್ತುವಂಥ ಫೈಬರ್ ಹಂಸವೊಂದನ್ನು ಮಾಡಿಸೋಣ ಎಂದವನು ಅಣ್ಣ. ತಮ್ಮನ ಕಸುಬು ಅವನ ಬಾಯಲ್ಲಿ ಮರ್ಯಾದೆಯಿಂದ ಬಂದದ್ದು ಅದೇ ಮೊದಲ ಸಲ. ವಾಹನ ಗುಡಿಯ ಅಂಗಳ ದಾಟಿತೆಂದರೆ ಹೊರುವವರ ಪೈಕಿ ಒಬ್ಬ ಅದರ ಜೊತೆಗಿರಬೇಕು, ಅಲ್ಲೇ ಉಣ್ಣಬೇಕು, ಅಲ್ಲೇ ಮಲಗಬೇಕು. ಅದಕ್ಕೆ ಮಂಚಯ್ಯ ಟ್ರಾಕ್ಟರಿನಲ್ಲಿ ಹಂಸದ ಪಕ್ಕ ಕೂತು, ಚಾಪೆ ಸುತ್ತಿಕೊಂಡು ಬಂದ. ಅರವತ್ತರ ಹತ್ತಿರದ ಮುದುಕ. ಬಂದ ದಿನದಿಂದ ಆ ಬಾಗಿಲು ಬಿಟ್ಟು ಕದಲಿಲ್ಲ. ಊರಲ್ಲಿ ಇನ್ಯಾರೂ ಇರಲಿಲ್ಲವೇ ಎಂದು ವಿಜಯೇಂದ್ರ ಅಣ್ಣನ ಮೇಲೆ ಒಳಗೊಳಗೇ ಸಿಡುಕಿದ. ಮಂಚಯ್ಯನ ಬದಲು ಬೇರೆ ಯಾರೇ ಬಂದಿದ್ದರೂ ಅವನ ಕೈ ಸರಿಯಾಗಿರುತ್ತಿತ್ತು ಎಂದು ಈಗ ಅನ್ನಿಸುತ್ತಿದೆ. ಸುಳ್ಳು. ಕೈ ಕೆಟ್ಟದ್ದು ಮಂಚಯ್ಯನಿಂದಲ್ಲ.

ಕೆಲಸ ಹೇಳಿದರೆ ಸರಳ, ಮರದ ಹಂಸದ ಮೇಲೆ ಫೈಬರಿನ ಅಚ್ಚು ತೆಗೆದು, ಆ ಅಚ್ಚಿನೊಳಗೆ ಹೊಸ ಹಂಸ ಮಾಡುವುದು. ಗುಂಡಗಿನ ವಸ್ತುವಿಗೆ ಒಂದೇ ಅಚ್ಚು ತೆಗೆದರೆ ಅದು ಬಿಟ್ಟುಕೊಳ್ಳುವುದಿಲ್ಲ, ಎರಡು ಹೋಳು ಮಾಡಬೇಕು. ಎರಡು ಹೋಳು ಎಲ್ಲಿ ಕೂಡುತ್ತವೋ ಆ ಗೆರೆಯುದ್ದಕ್ಕೂ ಜೇಡಿಮಣ್ಣಿನ ಗೋಡೆ ಕಟ್ಟಿ, ಮೊದಲ ಹೋಳಿನ ಅಂಚನ್ನು ಆ ಗೋಡೆಯ ಮೇಲೆ ಎರಡು ಬೆರಳಗಲ ಹೊರಕ್ಕೆ ಚಾಚಿಸಬೇಕು. ಆಮೇಲೆ ಬೋಲ್ಟು ಹಾಕಿ ಹೋಳುಗಳನ್ನು ಬಿಗಿಯುವುದು ಆ ಅಂಚಿನಲ್ಲೇ. ಅದಕ್ಕೆ ಫ್ಲಾಂಜು ಅನ್ನುತ್ತಾರೆ. ಚಪ್ಪಟೆ ಜಾಗದಲ್ಲಿ ಇದನ್ನು ಯಾರು ಬೇಕಾದರೂ ಮಾಡಿಯಾರು. ಡೊಂಕಿನ ಮೇಲೆ ಮಾಡುವುದು ಕಷ್ಟ. ಹಂಸದ ಕತ್ತಿನಂಥ ಕಡೆ ತಗಡಿನ ಪಟ್ಟಿ ಬಾಗುವುದಿಲ್ಲ, ಹಲ್ಲು ಹಲ್ಲಾಗಿ ಕತ್ತರಿಸಿ, ತುಂಡಿಗೆ ತುಂಡು ಕೂಡಿಸಿ, ಹಿಂದೆ ಮಣ್ಣು ಕೊಟ್ಟು ನಿಲ್ಲಿಸಬೇಕು. ಗೋಡೆ ಎಲ್ಲೂ ಓರೆಯಾಗಬಾರದು, ಮೈಗೆ ನೆಟ್ಟಗೆ ನಿಲ್ಲಬೇಕು. ಎಲ್ಲಕ್ಕಿಂತ ಮುಖ್ಯ ಗೆರೆ. ಪಕ್ಕದಿಂದ ಬೆಳಕು ಬಿಟ್ಟರೆ ನೆರಳು ಎಲ್ಲಿ ಶುರುವಾಗುತ್ತದೋ ಅಲ್ಲೇ ಗೆರೆ. ಅದನ್ನು ದಾಟಿ ಆ ಕಡೆಗೆ ಇಳಿದರೆ ಅಚ್ಚು ವಸ್ತುವನ್ನು ತಬ್ಬಿಕೊಂಡುಬಿಡುತ್ತದೆ, ಆಮೇಲೆ ಒಂದು ಒಡೆಯಬೇಕು, ಇಲ್ಲ ಇನ್ನೊಂದು. ಹಂಸಕ್ಕೆ ಗೆರೆ ಹುಡುಕುವ ಕಷ್ಟವೇ ಇರಲಿಲ್ಲ. ಬಾಲದಿಂದ ಬೆನ್ನ ಮೇಲೆ ಹಾದು, ಕತ್ತಿನ ಹಿಂಬದಿ ಏರಿ, ನೆತ್ತಿ ದಾಟಿ, ಹಣೆಯ ನಟ್ಟನಡುವೆ ಇಳಿದು ಕೊಕ್ಕಿನ ತುದಿಗೆ.

ಹಣೆಯ ನಟ್ಟನಡುವೆ ಅಪ್ಪ ಬೊಟ್ಟಿಡುತ್ತಿದ್ದರು. ಮೊದಲು ಗಂಧ, ಅದರ ಮೇಲೆ ಕುಂಕುಮ. ಅಮ್ಮನವರನ್ನು ಏರಿಸುವ ಮುಂಚೆ ಹಂಸದ ಎದುರಿಗೆ ನಿಂತು, ಮೊಮ್ಮಗಳಿಗೆ ಇಡುವ ಹಾಗೆ ಎಡಗೈಯಲ್ಲಿ ಅದರ ಗಲ್ಲ ಹಿಡಿದು, ಬಲಗೈಯ ಉಂಗುರದ ಬೆರಳಿನಲ್ಲಿ. ಅಷ್ಟು ವರ್ಷದ ಕುಂಕುಮ ಮರದೊಳಗೆ ಇಳಿದು, ಮೇಲಿನ ಬಣ್ಣ ಎಷ್ಟು ಸಲ ಬದಲಾದರೂ ಅಲ್ಲೊಂದು ಕಪ್ಪುಗೆಂಪು ಕಲೆ ಉಳಿದೇ ಇದೆ. ಇಲ್ಲಿಗೆ ಕಳಿಸುವ ಮುಂಚೆ ಅಣ್ಣ ಶಾಸ್ತ್ರ ಮಾಡಿ ಹಂಸದ ಕಳೆಯನ್ನು ಕಲಶಕ್ಕೆ ಇಳಿಸಿಕೊಂಡಿದ್ದ. ಈಗ ಅದು ಬರೀ ಮರ ಕಣೋ, ನೀನು ಮಾಡೋದು ಮಾಡು, ಎಂದಿದ್ದ. ವಿಜಯೇಂದ್ರನ ಬುದ್ಧಿ ಅದನ್ನು ಒಪ್ಪಿತು. ಬುದ್ಧಿಗೇನು, ಯಾವುದನ್ನು ಬೇಕಾದರೂ ಒಪ್ಪುತ್ತದೆ. ಮೇಣ ತಿಕ್ಕಿದ, ಅಚ್ಚು ಅಂಟದಿರಲೆಂದು ಹಸಿರು ನೀರು ಬಳಿದ, ಬೆನ್ನ ಮೇಲೆ ಗೋಡೆ ಕಟ್ಟಿದ, ಕತ್ತಿನ ಡೊಂಕನ್ನು ಎರಡು ದಿನ ಕೂತು ತುಂಡು ತುಂಡಾಗಿ ಏರಿದ. ಅದು ಅವನು ಮಾಡಿದ ಕೆಲಸಗಳಲ್ಲೇ ಚೆಂದದ್ದು. ನೆತ್ತಿಗೆ ಬಂದ. ಮಣ್ಣಿನ ಉಂಡೆ ಕೈಯಲ್ಲಿ ಹಿಡಿದು ಆ ಕಲೆಯ ಮುಂದೆ ನಿಂತ. ಕೈ ಹೋಗಲಿಲ್ಲ. ಒಂದು ಗಳಿಗೆ ನಿಂತವನು ಗೆರೆಯನ್ನು ಎಡಕ್ಕೆ ಹೊರಳಿಸಿದ; ಕಣ್ಣಿನ ಹಿಂದಿನಿಂದ ಇಳಿಸಿ, ಎಡಗೆನ್ನೆಯ ಕೆಳಗಿನಿಂದ ಸುತ್ತಿಸಿ ಕೊಕ್ಕಿಗೆ ತಂದ. ಹಾಗೆ ಮಾಡಿದರೆ ಬಲ ಹೋಳು ತಲೆಯನ್ನು ಕುಲಾವಿಯ ಹಾಗೆ ಮುಚ್ಚುತ್ತದೆ, ಬಿಡುವುದಿಲ್ಲ ಎಂಬುದು ಈ ಕಸುಬಿಗೆ ನಿನ್ನೆ ಸೇರಿದವನಿಗೂ ಹೊಳೆಯಬೇಕು. ಇಷ್ಟು ಇಳಿಜಾರಿಗೆ ಬಂದೀತು, ಮೇಣ ಚೆನ್ನಾಗಿದೆ, ಎಂದು ತನಗೆ ತಾನೇ ಹೇಳಿಕೊಂಡ.

ಸಂತೋಷ್ ಅದನ್ನು ನೋಡಿ ಕೇಳಿದ್ದ. ಶೆಡ್ಡಿನ ಯಜಮಾನ, ಮೂವತ್ತು ತುಂಬದ ಗೌಡರ ಹುಡುಗ, ಕೆಲಸ ಕಲಿತದ್ದು ಬೆಂಗಳೂರಿನಲ್ಲಿ. “ಗೆರೆ ಯಾಕ್ ಸ್ವಾಮಿ ಪಕ್ಕುಕ್ಕೋಗದೆ?” ವಿಜಯೇಂದ್ರ ತಲೆ ಎತ್ತದೆ, “ಹಣೆಯ ಬಣ್ಣ ಹಳೇದು, ಮಣ್ಣಿನ ಜೊತೆ ಎದ್ದು ಬರುತ್ತೆ” ಎಂದ. ಸಂತೋಷ್ ಬಗ್ಗಿ ನೋಡಿ, “ನಿಮ್ಗೆ ಗೊತ್ತು ಬುಡಿ” ಎಂದು ಹೊರಟುಹೋದ. ಬೈದಿದ್ದರೆ, ಕಿತ್ತು ಮತ್ತೆ ಹಾಕಿ ಅಂದಿದ್ದರೆ ಎಷ್ಟು ಚೆನ್ನಾಗಿತ್ತು. ನಂಬಿಬಿಟ್ಟ. ವಿಜಯೇಂದ್ರನನ್ನು ಜನ ಸುಲಭವಾಗಿ ನಂಬುತ್ತಾರೆ, ಅದೇ ಅವನ ತಾಪತ್ರಯ. ಒಂಬತ್ತು ವರ್ಷದವನಾಗಿದ್ದಾಗಲೂ ನಂಬಿದ್ದರು. ನಂಬಿದ್ದರು ಅನ್ನುವುದೂ ತಪ್ಪು, ಆಗ ಅವನನ್ನು ಯಾರೂ ಏನೂ ಕೇಳಲೇ ಇಲ್ಲ.

ಆ ದಿನ ಗುಡಿಯ ವಾಹನದ ಕೋಣೆಯಲ್ಲಿ ಬಾವಲಿಯ ವಾಸನೆ, ಎಳ್ಳೆಣ್ಣೆಯ ವಾಸನೆ. ಹಂಸ ಹೊಸ ಬಣ್ಣ ಹೊಡೆಸಿಕೊಂಡು ಮರುದಿನದ ಉತ್ಸವಕ್ಕೆ ಕಾಯುತ್ತಿತ್ತು. ಅಪ್ಪ ಕೆರೆಗೆ ಹೋಗಿದ್ದರು. ಒಂದೇ ಒಂದು ಸಲ ಅದರ ಬೆನ್ನೇರಿ ಕೂರಬೇಕೆಂಬ ಆಸೆ. ಅಮ್ಮನವರು ಕೂರುವ ಜಾಗದಲ್ಲಿ ಕೂರಬಾರದೆಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ, ಅದಕ್ಕೇ ಕೊಂಚ ಮುಂದೆ, ಕತ್ತಿನ ಬುಡದಲ್ಲಿ ಕೂತ. ಕೂತು ಎರಡೂ ತೋಳಿನಿಂದ ಕತ್ತು ತಬ್ಬಿ ಹಿಂದಕ್ಕೆ ಜೀಕಿದ. ಮರದೊಳಗಿಂದ ಕಟ್ ಎಂದು ಒಂದು ಸದ್ದು. ಬೆರಳು ನೆಟಿಗೆ ತೆಗೆದಷ್ಟೇ. ಇಳಿದು ನೋಡಿದರೆ ಬಣ್ಣದ ಮೇಲೆ ಕೂದಲಷ್ಟು ಗೆರೆ. ಅರಿಸಿನ ಕುಂಕುಮದ ಬಟ್ಟಲಿಗೆ ಬೆರಳದ್ದಿ ಆ ಗೆರೆಯ ಮೇಲೆ ಒರೆಸಿ ಮನೆಗೆ ಓಡಿದ. ಮರುದಿನ ಸಂಜೆ ಹಂಸ ಬೀದಿಗೆ ಬಂತು. ಮಂಟಪದ ಮುಂದೆ ಇಳಿಸುವಾಗ ಎಲ್ಲರೂ ನೋಡುತ್ತಿದ್ದ ಹಾಗೆ ಅದರ ಕತ್ತು ಅಮ್ಮನವರ ಎದುರಿಗೇ ವಾಲಿತು. ಯಾರು ಎಡವಿದವರು ಎಂದು ಜನ ಕೂಗಿದರು. ಮುಂದಿನ ಅಡ್ಡೆಗೆ ಎಡಗಡೆ ಹೆಗಲು ಕೊಟ್ಟಿದ್ದ ಮಂಚಯ್ಯ, ಆಗ ಇಪ್ಪತ್ತೈದರ ಗಟ್ಟಿ ಆಳು, ಬಗ್ಗಿ ತನ್ನ ಕಾಲು ನೋಡಿಕೊಂಡ. ಅಷ್ಟೇ ಸಾಕಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಇದೆ. ಕದಿಯದವನೂ ಹೆಗಲು ಮುಟ್ಟಿಕೊಳ್ಳುತ್ತಾನೆ ಎಂಬುದು ಗಾದೆ ಕಟ್ಟಿದವನಿಗೆ ಗೊತ್ತಿರಲಿಲ್ಲ.

ಕತ್ತಿಗೆ ತಾಮ್ರದ ಪಟ್ಟಿ ಹೊಡೆಸಿದರು. ಮಂಚಯ್ಯನನ್ನು ಮುಂದಿನ ಅಡ್ಡೆಯಿಂದ ಹಿಂದಿನದಕ್ಕೆ ಹಾಕಿದರು. ಅವನ ಅಪ್ಪ, ತಾತ ಎಲ್ಲ ಮುಂದೆ ಹೊತ್ತವರು. ಅಂದಿನಿಂದ ಪ್ರತಿ ನವರಾತ್ರಿಯ ಮೂರನೆಯ ದಿನ ಮಂಚಯ್ಯ ತಪ್ಪಾಯ್ತು ಎಂದು ಅಮ್ಮನವರಿಗೆ ಒಂದು ಕಾಯಿ ಒಡೆಸುತ್ತಿದ್ದ. ಅಪ್ಪ ಒಡೆಯುತ್ತಿದ್ದರು. ಒಂದು ಹೋಳನ್ನು ತಟ್ಟೆಯಲ್ಲಿಟ್ಟು ಹೊರಗೆ ತಂದು ಮಂಚಯ್ಯನ ಕೈಗೆ ಕೊಡುವ ಕೆಲಸ ವಿಜಯೇಂದ್ರನದು. ಹೈಸ್ಕೂಲು ಮುಗಿಯುವವರೆಗೆ ಕೊಟ್ಟ. ಮಂಚಯ್ಯ ಎರಡೂ ಕೈಯೊಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುತ್ತಿದ್ದ. ಒಂದು ವರ್ಷ ಕಾಯಿ ಕೊಳೆತಿತ್ತು, ಅಮ್ಮ ಇನ್ನೂ ಮುನಿದವಳೆ ಎಂದು ಆ ದೊಡ್ಡ ಆಳು ಗುಡಿಯ ಮೆಟ್ಟಿಲ ಮೇಲೆ ಕೂತು ಅತ್ತ. ತಟ್ಟೆ ಹಿಡಿದುಕೊಂಡು ವಿಜಯೇಂದ್ರ ಅದನ್ನು ನೋಡಿದ. ಹೇಳಬಹುದಿತ್ತು. ಹೇಳಿದ್ದರೆ ಎರಡೇಟು ಬೀಳುತ್ತಿತ್ತು, ಅಷ್ಟೇ. ಎರಡೇಟಿಗೆ ಹೆದರಿದ್ದಲ್ಲ ಎಂದು ಈಗ ಅನಿಸುತ್ತದೆ. ಆ ಹೊತ್ತಿಗೆ ತಪ್ಪು ಮಂಚಯ್ಯನದೇ ಆಗಿಬಿಟ್ಟಿತ್ತು, ಅದನ್ನು ವಾಪಸು ಕೇಳಲು ಅವನಿಗೆ ನಾಚಿಕೆಯಾಯಿತು.

“ಸ್ವಾಮಿ, ಬಸ್ಸೆಣಿಸ್ತಾ ನಿಂತ್ಬುಟ್ರಾ?”

ಬೆಳ್ಳೂರು ಕ್ರಾಸಿನಲ್ಲಿ ಯಾವುದೋ ಹೋಟೆಲಿನ ನೀರಿನ ತೊಟ್ಟಿ ಇಳಿಸಿ ಸಂತೋಷ್ ಬೈಕಿನಲ್ಲಿ ಬಂದಿದ್ದ. ಒಳಗೆ ಹೋದವನು ಹಂಸದ ಸುತ್ತ ಒಂದು ಸುತ್ತು ಬಂದು, ಬಲ ಹೋಳನ್ನು ಹಿಡಿದು ಅಲ್ಲಾಡಿಸಿ, ನಾಲಿಗೆ ಲೊಚಗುಟ್ಟಿದ. ಮಂಚಯ್ಯ ವಿಜಯೇಂದ್ರನನ್ನು ಒಳಗೆ ಕರೆದು ಕಾವಲಿಗೆ ನಿಲ್ಲಿಸಿ, ಬೀಡಿಗೆಂದು ರಸ್ತೆಯಾಚೆ ಹೋದ.

“ಕೆನ್ನೆ ತಾವ ಕಚ್ಕಂಡದೆ. ನೀರ್ ಬುಟ್ಟು, ದಪ್ಪ ಬೆಣೆ ಮಡುಗಿ, ಎಲ್ಡು ಬಿಗಿಯಾಗ್ ಕೊಟ್ರೆ ಬಂದ್ಬುಡ್ತದೆ.”

“ಕತ್ತಿನಲ್ಲಿ ಬಿರುಕಿದೆ ಸಂತೋಷ್. ಪಟ್ಟಿಯ ಕೆಳಗೆ.”

“ಅದು ಅಳೇ ಬಿರುಕಲ್ವಾ ಸ್ವಾಮಿ. ಮಂಚಣ್ಣನೇ ಯೋಳ್ತಿದ್ದ, ಅವ್ನೇ ಬೀಳ್ಸಿದ್ದಂತೆ. ಮುರುದ್ರೂ ನಮ್ ತಲೆ ಮ್ಯಾಕೆ ಬರಕ್ಕಿಲ್ಲ. ಆರ್ ದಿನದ್ ಕೆಲ್ಸ, ಅಚ್ಚು ಕುಯ್ದು ಬಿಸಾಕಕ್ಕಾಯ್ತದಾ?”

ಆ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲಿ ವಿಜಯೇಂದ್ರನ ಎದೆ ಹಗುರವಾಯಿತು. ನಿಜವಾಗಿ ಹಗುರವಾಯಿತು, ತಲೆಹೊರೆ ಇಳಿಸಿದ ಹಾಗೆ. ಮುರಿದರೂ ಯಾರೂ ಅವನನ್ನು ಕೇಳುವುದಿಲ್ಲ. ಕತ್ತು ಮೊದಲೇ ಹೋಗಿತ್ತು, ಮಂಚಯ್ಯ ಬೀಳಿಸಿದ್ದು. ಈಗಲೂ ಮಂಚಯ್ಯನೇ ಕಾವಲಿಗಿದ್ದ. ಊರಿನವರು ಅಷ್ಟನ್ನೇ ಹೇಳಿಕೊಂಡು ಸುಮ್ಮನಾಗುತ್ತಾರೆ. ಮಂಚಯ್ಯ ಇನ್ನೊಂದು ಕಾಯಿ ಒಡೆಸುತ್ತಾನೆ. ಎಲ್ಲ ಎಷ್ಟು ಸಲೀಸಾಗಿ ಹೊಂದಿಕೊಂಡಿತೆಂದರೆ ವಿಜಯೇಂದ್ರನ ಕೈ ಆಗಲೇ ದಪ್ಪ ಬೆಣೆಯನ್ನು ತಡಕುತ್ತಿತ್ತು. ಆ ಕೈಯನ್ನು ಅವನು ನೋಡಿದ. ಬೆರಳ ಸಂದಿಯಲ್ಲಿ ನವೆಯೆದ್ದು ಕೆಂಪಾಗಿ, ಉಗುರಿನಲ್ಲಿ ಮೇಣ ಕೂತ ನಲವತ್ತೆರಡು ವರ್ಷದ ಕೈ. ಅರಿಸಿನ ಕುಂಕುಮದ ಬಟ್ಟಲಿಗೆ ಅದ್ದಿದ ಕೈಯೂ ಇದೇ. ಅವನಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು.

“ಗೆರೆ ತಪ್ಪು ಹಾಕಿದ್ದು ನಾನು. ಗೊತ್ತಿದ್ದೇ ಹಾಕಿದೆ. ಬಣ್ಣ ಏಳುತ್ತೆ ಅಂದದ್ದು ಸುಳ್ಳು,” ಎಂದ. “ಹಣೆಯ ಮೇಲೆ ಮಣ್ಣು ಮೆತ್ತೋಕೆ ಕೈ ಬರಲಿಲ್ಲ. ಅಚ್ಚು ಕೊಯ್ತೀನಿ.”

ಸಂತೋಷ್ ಅವನ ಮುಖವನ್ನೇ ನೋಡಿದ. ಕೂಗಾಡಲಿಲ್ಲ. “ಮೊದ್ಲೇ ಅಂದಿದ್ರೆ ನಾನ್ ಮೆತ್ತಿರ್ತಿದ್ದೆ ಸ್ವಾಮಿ,” ಎಂದ. “ಐದ್ ನಿಮ್ಸದ್ ಕೆಲ್ಸ.” ಬೈಕು ಹತ್ತಿ ಹೋದ. ಎಂಥ ಬೈಗುಳವೂ ಆ ಐದು ನಿಮಿಷದಷ್ಟು ಚುಚ್ಚುತ್ತಿರಲಿಲ್ಲ.

ಕರೆಂಟು ಹೋಗಿತ್ತು, ಕೊಯ್ಯುವ ಮೆಷಿನ್ನು ತಿರುಗುವಂತಿರಲಿಲ್ಲ. ಅದೂ ಒಳ್ಳೆಯದೇ ಆಯಿತು. ಗರಗಸದ ಅಲಗಿನ ಒಂದು ತುದಿಗೆ ಬಟ್ಟೆ ಸುತ್ತಿಕೊಂಡು ಕೈಯಲ್ಲೇ ಹಿಡಿದ. ಬೀಡಿ ಮುಗಿಸಿ ಬಂದ ಮಂಚಯ್ಯನನ್ನು ಕರೆದು, ಕತ್ತು ಅಲ್ಲಾಡದ ಹಾಗೆ ಹಿಡಿದುಕೋ ಎಂದ. ಮಂಚಯ್ಯ ಎರಡು ಹೆಜ್ಜೆ ಹಿಂದೆ ಸರಿದ.

“ನಾನಾ? ಬ್ಯಾಡಿ ಐನೋರೇ. ನನ್ ಕೈ ಗ್ರಾಚಾರದ್ದು. ಇನ್ಯಾರ್ನಾರ ಕರೀರಿ.”

“ಇನ್ಯಾರೂ ಇಲ್ಲ. ಹಿಡ್ಕೋ ಮಂಚಯ್ಯ.”

ಅವನು ಕೈಯನ್ನು ಪಂಚೆಗೆ ಒರೆಸಿ, ಮತ್ತೆ ಒರೆಸಿ, ತಾಮ್ರದ ಪಟ್ಟಿಯ ಮೇಲೆ ಇಟ್ಟ. ವಿಜಯೇಂದ್ರ ಅಲಗನ್ನು ನೆತ್ತಿಗಿಟ್ಟ. ಮೊದಲೇ ಗೆರೆ ಹೋಗಬೇಕಾಗಿದ್ದ ಜಾಗವೇ ಅದು, ನೆತ್ತಿಯಿಂದ ಹಣೆಯ ನಡುವೆ ಕೊಕ್ಕಿಗೆ. ಆಗ ಮಣ್ಣಿಡಲು ಅಳುಕಿದ ಹಣೆಯ ಮೇಲೆ ಈಗ ಗರಗಸ ಎಳೆಯುತ್ತಿದ್ದ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ, ಇಲ್ಲಿ ದೊಣ್ಣೆಗೂ ಗಂಟೆಗಟ್ಟಲೆ ಹಿಡಿಯುವಂತಿತ್ತು. ಗಾಜಿನ ಪುಡಿ ಮೂಗಿಗೆ ಬರುತ್ತಿತ್ತು. ಅಚ್ಚಿನ ದಪ್ಪ ಮುಗಿಯುವ ಮುಂಚೆ ನಿಲ್ಲಿಸಬೇಕು, ಇಲ್ಲವಾದರೆ ಅಲಗು ಮರಕ್ಕೆ ಇಳಿಯುತ್ತದೆ. ಎರಡೆಳೆತಕ್ಕೊಮ್ಮೆ ನಿಲ್ಲಿಸಿ ಉಗುರಿನಿಂದ ಆಳ ನೋಡುತ್ತಿದ್ದ. ಇಬ್ಬರ ತಲೆಯೂ ಹಂಸದ ತಲೆಯ ಮೇಲೆ ಬಗ್ಗಿ ಹತ್ತಿರ ಹತ್ತಿರ ಬಂದಿದ್ದವು. ಮಂಚಯ್ಯನ ಉಸಿರಿನ ಬೀಡಿ ವಾಸನೆ ಅವನಿಗೆ ಬಡಿಯುತ್ತಿತ್ತು. ತನ್ನ ರೆಸಿನ್ ವಾಸನೆ ಮಂಚಯ್ಯನಿಗೆ ಬಡಿಯುತ್ತಿರಬೇಕು, ಅವನು ಮುಖ ತಿರುಗಿಸಲಿಲ್ಲ. ಈ ಕತ್ತು ಹೀಗಾದದ್ದು ನಿನ್ನಿಂದಲ್ಲ ಎಂದು ವಿಜಯೇಂದ್ರ ಹೇಳಿದ. ಅಲಗು ಎಳೆಯುತ್ತಲೇ, ಮುಖ ನೋಡದೆ, ಎಲ್ಲ ಹೇಳಿದ. ಕೋಣೆ, ಅಪ್ಪ ಕೆರೆಗೆ ಹೋದದ್ದು, ಕೂತದ್ದು, ಕಟ್ ಎಂದದ್ದು, ಕುಂಕುಮ ಒರೆಸಿದ್ದು. ಮೂವತ್ತಮೂರು ವರ್ಷ ಬಾಯಲ್ಲಿಟ್ಟುಕೊಂಡದ್ದು ಹೇಳಲು ಕುಳಿತರೆ ನಾಲ್ಕು ಮಾತಿಗೆ ಮುಗಿದುಹೋಯಿತು.

ಮಂಚಯ್ಯ ಬೈಯಲಿ, ಎದ್ದು ಹೋಗಲಿ, ಊರಿಗೆಲ್ಲ ಹೇಳಲಿ ಎಂದು ವಿಜಯೇಂದ್ರ ಕಾದ. ಕೊನೆಗೆ ಮಂಚಯ್ಯ ನಕ್ಕ. ಮಕ್ಕಳ ಮಾತು ಕೇಳಿದಾಗ ದೊಡ್ಡವರು ನಗುವಂತೆ, ಸದ್ದಿಲ್ಲದೆ.

“ನಿಮ್ಮಪ್ಪಾರ್ದೂ ಇದೇ ಬುದ್ಧಿ. ನಾನ್ ಅತ್ರೆ ಅವ್ರೂ ಏನಾರ ಒಂದ್ ಕಟ್ಟಿ ಸಮಾದಾನ ಯೋಳೋರು. ಮರ ಅಳೇದಾಗಿತ್ತು ಬುಡ್ಲಾ ಅನ್ನೋರು.”

“ಸಮಾಧಾನಕ್ಕೆ ಹೇಳ್ತಿಲ್ಲ ಮಂಚಯ್ಯ. ಸತ್ಯವಾಗಿ ನಾನೇ.”

“ಬುಡಿ ಐನೋರೇ. ಒಂಬತ್ತೊರ್ಸದ ಕೂಸು, ಸಣಕ್ಲು ಕಡ್ಡಿ ಅಂಗಿದ್ರಿ, ನಿಮ್ ಭಾರುಕ್ಕೆ ಅಲಸಿನ್ ಮರ ಬಿರುಕ್ಬುಟ್ಟದಾ? ನನ್ ಕಾಲ್ ಎಡವಿದ್ದು ನಂಗ್ ಗ್ಯಾನ ಅದೆ. ಮಂಟಪದ್ ಮುಂದ್ಲು ಬಾವಿ ತಾವ ಒಂದು ಕೆಂಪ್ ಕಲ್ಲು, ಎಬ್ಬೆಟ್ಟಿಗ್ ಬಡೀತು. ಇವತ್ತೂ ಥಂಡಿ ಬಂದ್ರೆ ನೋಯ್ತದೆ.”

ವಿಜಯೇಂದ್ರ ಅಲಗು ನಿಲ್ಲಿಸಿದ. ಆ ಸಂಜೆ ಬಾವಿಯಿಂದ ಮಂಟಪದವರೆಗೆ ಅವನ ಅಮ್ಮ ಸಗಣಿ ಸಾರಿಸಿ ರಂಗೋಲಿ ಹಾಕಿದ್ದಳು, ಚುಕ್ಕಿ ಇಡಲು ಅವನೂ ಕೂತಿದ್ದ. ಅಲ್ಲಿ ಕೆಂಪು ಕಲ್ಲಿರಲಿ, ಹರಳೂ ಇರಲಿಲ್ಲ. ಕಲ್ಲನ್ನು ಮಂಚಯ್ಯ ಎಲ್ಲಿಂದಲೋ ತಂದಿದ್ದ. ಯಾವ ವರ್ಷವೋ, ಎಷ್ಟನೆಯ ಕಾಯಿಯ ಹೊತ್ತಿಗೋ, ಎಡವಲು ಏನಾದರೊಂದು ಬೇಕಾಗಿ, ತಂದು ಅಲ್ಲಿಟ್ಟು, ಬಣ್ಣ ಕೊಟ್ಟು, ಹೆಬ್ಬೆಟ್ಟಿನಲ್ಲಿ ನೋವನ್ನೂ ಬೆಳೆಸಿಕೊಂಡಿದ್ದ. ಆ ಕಲ್ಲನ್ನು ಕಿತ್ತರೆ ಮೂವತ್ತಮೂರು ಕಾಯಿಗೂ ಅರ್ಥವಿಲ್ಲ. ವಿಜಯೇಂದ್ರನಿಗೆ ಅಳು ಬಂತು, ಗಾಜಿನ ಪುಡಿ ಕಣ್ಣಿಗೆ ಹೋಯಿತೆಂದು ಮಂಚಯ್ಯ ತನ್ನ ಟವಲು ಕೊಟ್ಟ.

ಕೊನೆಯ ಪದರವನ್ನು ಕೈಯಿಂದ ಮುರಿದಾಗ ಎಡಗೆನ್ನೆಯ ತುಂಡು ಎಡಕ್ಕೆ ಬಂತು, ಉಳಿದ ಹೋಳು ಬಲಕ್ಕೆ ಜಾರಿತು. ಕತ್ತು ನೆಟ್ಟಗೆ ನಿಂತಿತ್ತು. ಪಟ್ಟಿ ಕದಲಿರಲಿಲ್ಲ. ಹಣೆಯ ಕಲೆಯ ಪಕ್ಕ ಅಲಗು ತಾಗಿದ ಒಂದು ಸಣ್ಣ ಗೀರು ಇತ್ತು, ಅಷ್ಟೇ. ಮಂಚಯ್ಯ ಕೈ ತೆಗೆಯದೆ ಹಂಸವನ್ನು ಕೆಳಗಿಂದ ಮೇಲಕ್ಕೆ ನೋಡಿದ.

“ಏನೂ ಆಗ್ನಿಲ್ಲ,” ಎಂದ. “ನಾನ್ ಇಡ್ಕಂಡಿದ್ರೂ ಏನೂ ಆಗ್ನಿಲ್ಲ.” ಆಮೇಲೆ ಸ್ವಲ್ಪ ತಡೆದು, ಧ್ವನಿ ತಗ್ಗಿಸಿ, “ಐನೋರೇ, ಒಸಾದು ಅಗುರ ಅಂತೀರಲ್ಲ. ಕೈ ತೆಪ್ಪಿ ಬಿದ್ರೂ ಒಡಿಯಕ್ಕಿಲ್ವಾ?”

“ಇಲ್ಲ. ಒಡೆಯಲ್ಲ.”

“ಅಂಗಾರೆ ನಿಮ್ಮಣ್ಣಾರ್ಗೆ ಒಂದ್ ಮಾತ್ ಯೋಳಿ. ಈ ನೌರಾತ್ರಿಗೆ ಮುಂದ್ಲ ಅಡ್ಡೆ ನಂಗ್ ಕೊಡ್ಲಿ. ಮಂಟಪದ್ಗಂಟ ಬ್ಯಾಡ. ಬಾವಿ ತಂಕ ಸಾಕು.”

ವಿಜಯೇಂದ್ರ ಹೇಳುತ್ತೇನೆಂದ. ಮೂಲೆಯ ಬಾನಿಯಿಂದ ಜೇಡಿಮಣ್ಣು ತೆಗೆದು ನೀರು ಚಿಮುಕಿಸಿ ನಾದಿದ. ಕೆಲಸವೆಲ್ಲ ಮತ್ತೆ ಮೊದಲಿನಿಂದ ಆಗಬೇಕು. ಈ ಸಲ ತಲೆಯಿಂದಲೇ ಶುರುಮಾಡುವುದೆಂದುಕೊಂಡ. ಪೆನ್ಸಿಲ್ ತೆಗೆದುಕೊಂಡು ನೆತ್ತಿಯಿಂದ ಕೊಕ್ಕಿಗೆ, ಅಪ್ಪನ ಬೊಟ್ಟಿನ ಕಲೆಯನ್ನು ಎರಡು ಹೋಳು ಮಾಡಿ, ನೇರ ಗೆರೆ ಎಳೆದ. ಮೊದಲ ಉಂಡೆಯನ್ನು ಅದರ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದ. ಹಿಡಿದುಕೊಳ್ಳಬೇಕಾದ ಕೆಲಸ ಈಗ ಏನೂ ಇರಲಿಲ್ಲ. ಆದರೂ ಮಂಚಯ್ಯ ಎರಡೂ ಕೈಯಿಂದ ಆ ಕತ್ತನ್ನು ಹಿಡಿದುಕೊಂಡೇ ನಿಂತಿದ್ದ, ಬಿಡು ಎಂದು ವಿಜಯೇಂದ್ರ ಹೇಳಲಿಲ್ಲ.